ಹುಬ್ಬಿನ ಹರಕೆ

ನನ್ನ ಹುಬ್ಬು ಮತ್ತೆ ಬಂದಿದೆ. ಬಲಗಡೆಯದು ಮೊದಲಿನಂತೆಯೇ ಇದೆ, ಎಡಗಡೆಯದು ಮಾತ್ರ ತೆಳು. ಅದಕ್ಕೆ ಈಗಲೂ ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲು ಕಾಡಿಗೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯುತ್ತೇನೆ. ತಲೆಕೂದಲು ಉದುರುತ್ತದೆ ಎಂದು ಎಲ್ಲರೂ ಹೇಳಿದ್ದರು. ಹುಬ್ಬೂ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಈ ಕಾಯಿಲೆಯ ದಾರಿಯಲ್ಲಿ ನನ್ನ ಹಿಂದೆ ಬರುತ್ತಿರುವ ಹೆಂಗಸರಿಗೆ ಮೊದಲು ಅದನ್ನೇ ಹೇಳಿಬಿಡೋಣ ಅನ್ನಿಸಿತು. ಹೋಗುತ್ತದೆ, ಆಮೇಲೆ ಬರುತ್ತದೆ.

ನಾನು ರಾಮನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಡಂ. ಮೂರು ವರ್ಷದ ಹಿಂದೆ ಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಮಕ್ಕಳಿಗೆ ಪಾಠ ಮಾಡುವವಳು, ಬೇರೆಯವರಾಗಿದ್ದರೆ ಬೈದು ಆಸ್ಪತ್ರೆಗೆ ಓಡಿಸುತ್ತಿದ್ದವಳು, ನಾನೇ ಸುಮ್ಮನೆ ಕೂತೆ. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟ್ ನೋಡಿ ವಿಷಯ ಹೇಳಿದಾಗ, ‘ಎಸ್ಸೆಸ್ಸೆಲ್ಸಿ ಮಕ್ಕಳ ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲೆ ಆಪರೇಷನ್ ಇಟ್ಟುಕೊಳ್ಳಬಹುದಾ?’ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ನನಗೆ ಭಯವಾಗಲಿಲ್ಲ, ಅಳುವೂ ಬರಲಿಲ್ಲ. ಹಲ್ಲು ಕೀಳಿಸುವ ಮೊದಲು ಸೂಜಿ ಚುಚ್ಚಿದರೆ ಕೆನ್ನೆ ದಪ್ಪಗಾಗುತ್ತದಲ್ಲ, ಇಡೀ ಮೈ ಹಾಗೆ ಆಗಿತ್ತು. ಹೊರಗೆ ಬಂದು ನಮ್ಮ ಮನೆಯವರು ಎರಡು ಟೀ ತಂದರು. ನನ್ನದನ್ನೂ ಅವರೇ ಕುಡಿದರು. ಕುಡಿದದ್ದು ಅವರಿಗೆ ಗೊತ್ತಾಗಲೇ ಇಲ್ಲ.

ಮಾರನೆಯ ದಿನ ಅಕ್ಕೂರಿನಿಂದ ಅಣ್ಣ ಬಂದ. ಬೈಕಿನ ಹಿಂದೆ ಒಂದು ಚೀಲ ನುಗ್ಗೇಕಾಯಿ ಕಟ್ಟಿಕೊಂಡು ಬಂದಿದ್ದ. ಅಣ್ಣ ಅಂದರೆ ಪುಟ್ಟಸ್ವಾಮಿ, ನನಗಿಂತ ಆರು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಅವ್ವ, ಎಲ್ಲವನ್ನೂ ನೋಡಿಕೊಳ್ಳುವವನು ಅವನೇ. ಚೀಲವನ್ನು ಅಡುಗೆಮನೆಯಲ್ಲಿಟ್ಟು, ಕೂರದೆ, ನಿಂತುಕೊಂಡೇ ಹೇಳಿದ.

‘ಡಾಕ್ಟ್ರು ಏನ್ ಹೇಳ್ತಾರೋ ಹಂಗೇ ಮಾಡಾನ. ನಾನಿವ್ನಿ. ಆದ್ರೆ ಅವ್ವಂಗೆ ಮಾತ್ರ ಗೊತ್ತಾಗ್ಕೂಡ್ದು.’

‘ಎಷ್ಟು ದಿನ ಅಂತ ಮುಚ್ಚಿಡ್ತೀಯ ಅಣ್ಣ?’

‘ಎಷ್ಟ್ ದಿನ ಆಯ್ತದೋ ಅಷ್ಟ್ ದಿನ. ಲಕ್ಷ್ಮಿ ಹೋದಾಗ ನೀನಿನ್ನೂ ಮಗು. ನಿಂಗೆ ಗೊತ್ತಿಲ್ಲ.’

ಲಕ್ಷ್ಮಿ ನಮ್ಮಕ್ಕ. ಹತ್ತು ವರ್ಷದವಳಿದ್ದಾಗ ಕಾಮಾಲೆಯಾಗಿ ಹೋದಳು. ಆಗ ಅವ್ವ ಒಂದು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳಂತೆ. ಸೊಪ್ಪು ಹಾಕುವವರಿಲ್ಲದೆ ತಟ್ಟೆಗಳಲ್ಲಿ ಹುಳುಗಳೆಲ್ಲ ಸತ್ತವಂತೆ. ಎಂಟು ವರ್ಷದ ಅಣ್ಣ ರಾಗಿ ಗಂಜಿ ಕಾಯಿಸಿ, ಅವ್ವನ ಗಲ್ಲ ಹಿಡಿದು ಚಮಚದಲ್ಲಿ ಕುಡಿಸುತ್ತಿದ್ದನಂತೆ. ಆ ತಿಂಗಳು ಅವನ ಮೈಯಿಂದ ಇನ್ನೂ ಬಿಟ್ಟಿಲ್ಲ. ನಾನು ಒಪ್ಪಿದೆ. ಬೇಡ ಎನ್ನುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಆದರೆ ಕಾಯಿಲೆ ಬಂದಾಗ ಅವ್ವನ ಹತ್ತಿರ ಹೋಗುವ ಹಾಗಿಲ್ಲ ಅಂದರೆ ಏನು ಎಂಬುದು ಆಗ ನನಗೆ ಅರ್ಥವಾಗಿರಲಿಲ್ಲ.

ಅವ್ವನ ಬಗ್ಗೆ ಹೇಳಬೇಕು. ಹೆಸರು ಚಿಕ್ಕತಾಯಮ್ಮ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ ಒಂದು. ಊರಿನಲ್ಲಿ ಅವಳ ಓರಗೆಯವರೆಲ್ಲ ಜನವರಿ ಒಂದನೇ ತಾರೀಕೇ ಹುಟ್ಟಿದವರು. ಕಾರ್ಡಿನ ಲೆಕ್ಕದಲ್ಲಿ ಆಗ ಅವಳಿಗೆ ಎಂಬತ್ತಾರು, ಅವಳ ಲೆಕ್ಕದಲ್ಲಿ ‘ತೊಂಬತ್ತಕ್ಕೆ ಒಸಿ ಕಮ್ಮಿ’. ಹುಟ್ಟಿದ್ದು ಮಾಗಡಿ ಕಡೆ, ಕುದೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ಅಲ್ಲಿ ರಾಗಿ, ಹುರುಳಿ, ಅವರೆ. ರೇಷ್ಮೆ ಹುಳುವನ್ನು ಅವಳು ಮೊದಲು ಕಂಡದ್ದು ಅಕ್ಕೂರಿಗೆ ಸೊಸೆಯಾಗಿ ಬಂದ ದಿನ. ಕಿರುಚಿಕೊಂಡು ಅಂಗಳಕ್ಕೆ ಓಡಿದಳಂತೆ. ನಮ್ಮಜ್ಜಿ, ಅವಳ ಅತ್ತೆ, ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಅಂಗೈ ಮೇಲೆ ಒಂದು ಹುಳು ಬಿಟ್ಟು, ‘ಕಚ್ಚಕಿಲ್ಲ ಕಣೇ. ಅದ್ಕೆ ನಿನ್ನಷ್ಟು ಬಾಯಿಲ್ಲ’ ಎಂದಳಂತೆ. ಈ ಕಥೆಯನ್ನು ಅವ್ವ ಹೇಳದೇ ಇದ್ದ ವರ್ಷವಿಲ್ಲ. ನನ್ನ ಮಗಳು ಸಿಂಧು ಚಿಕ್ಕವಳಿದ್ದಾಗ ಹುಳುವಿಗೆ ಹೆದರಿದರೆ ಅವ್ವ ಅದೇ ಮಾತನ್ನು ಅವಳಿಗೂ ಹೇಳಿ, ಅವಳ ಅಂಗೈಗೂ ಒಂದು ಹುಳು ಬಿಟ್ಟಿದ್ದಳು.

ಆ ಅಂಗೈಯಿಂದ ಅವ್ವ ಅರವತ್ತು ವರ್ಷಕ್ಕೂ ಮೇಲೆ ಹುಳು ಸಾಕಿದಳು. ಓದು ಬರಹ ಬರುತ್ತಿರಲಿಲ್ಲ. ಹುಳುಮನೆಯಲ್ಲಿ ಅವಳ ಮಾತೇ ಕಾನೂನು. ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಮಲ್ಲಿಗೆ ಮುಡಿದವರು, ಸೆಂಟು ಹಾಕಿದವರು ಬಾಗಿಲ ಆಚೆಯೇ. ಒಮ್ಮೆ ನಮ್ಮ ಮನೆಯವರು, ಮದುವೆಯಾದ ಹೊಸದರಲ್ಲಿ, ಘಮಘಮ ಎಂದು ಬಂದು ಬಾಗಿಲಲ್ಲಿ ನಿಂತಿದ್ದರು. ಅವ್ವ ಅಳಿಯ ಎಂದೂ ನೋಡದೆ, ‘ಹೋಗಿ ಮೈ ತೊಳ್ಕಬನ್ನಿ’ ಎಂದು ಬಚ್ಚಲಿಗೆ ಕಳಿಸಿದ್ದಳು. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಯಿತೋ ಇಲ್ಲವೋ ಎಂದು ಬೇರೆಯವರು ಬೆಳಕಿಗೆ ಹಿಡಿದು ನೋಡಿದರೆ, ಅವ್ವ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ಹೇಳುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೂ ಆ ಕೆಲಸ ಬಿಡಲಿಲ್ಲ. ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದನ್ನು ‘ಇರ್ಲಿ ಬುಡ್ರಿ, ಒಂದ್ ಸಾಕು’ ಎಂದು ಮುಂದೂಡುತ್ತಲೇ ಇದ್ದಳು.

ನನ್ನ ಆಪರೇಷನ್ ಆಯಿತು. ಅವ್ವನಿಗೆ, ಬೆಂಗಳೂರಿನಲ್ಲಿ ಟ್ರೈನಿಂಗ್ ಎಂದು ಹೇಳಿದ್ದಾಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ. ಬೆಳಗಿನ ರೈಲು ಹತ್ತಿ ಹೋಗಿ, ಟೋಕನ್ ಹಿಡಿದು ಕಾಯುವ ಹಾಲ್‌ನಲ್ಲಿ ಕೂರುವುದು. ಅಲ್ಲಿ ಕಾಯುವುದೇ ದೊಡ್ಡ ಕೆಲಸ. ಫ್ಯಾನಿನ ಕೆಳಗಿನ ಕುರ್ಚಿಗೆ ಎಲ್ಲರ ಕಣ್ಣು. ನರ್ಸು ಹೆಸರು ಕೂಗಿದಾಗ ಪ್ರತಿ ಸಲ ಯಾರಾದರೊಬ್ಬರು ತಮ್ಮದೇ ಎಂದು ಎದ್ದು ನಿಂತು, ಅಲ್ಲ ಎಂದು ಗೊತ್ತಾಗಿ, ಸ್ವಲ್ಪ ಸಮಾಧಾನದಿಂದಲೇ ಮತ್ತೆ ಕೂರುತ್ತಿದ್ದರು. ಅಲ್ಲಿ ಯಾರೂ ಅಳುವುದನ್ನು ನಾನು ಹೆಚ್ಚು ನೋಡಲಿಲ್ಲ. ಚಿತ್ರಾನ್ನದ ಡಬ್ಬಿ ತೆರೆಯುತ್ತಿದ್ದರು, ಮಗಳ ಮದುವೆಯ ಫೋಟೋ ತೋರಿಸುತ್ತಿದ್ದರು.

ಎರಡನೇ ಸಲದ ಹೊತ್ತಿಗೆ ತಲೆ ಬೋಳಾಯಿತು. ಅದೇ ಸಮಯಕ್ಕೆ ಅವ್ವ ಫೋನಿನಲ್ಲಿ ಹಟ ಹಿಡಿದಳು. ‘ಎರಡ್ ತಿಂಗ್ಳಾಯ್ತು ಮಖ ನೋಡಿ. ಅದೇನ್ ಟ್ರೈನಿಂಗು? ಬತ್ತೀಯೋ, ನಾನೇ ಬಸ್ ಹತ್ಲೋ?’ ಬಸ್ ಹತ್ತಿಯೇ ಬಿಡುವ ಹೆಂಗಸು. ಆಗ ಅಣ್ಣ ಒಂದು ಉಪಾಯ ಮಾಡಿದ. ಸುಮಿತ್ರ, ಅಂದರೆ ನಾನು, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದಾಳೆ ಎಂದು ಅವ್ವನಿಗೆ ಹೇಳಿದ. ನಮ್ಮ ಕಡೆ ಹೆಂಗಸರು ಹರಕೆ ಹೊತ್ತು ತಲೆ ಬೋಳಿಸಿಕೊಳ್ಳುವುದು ಹೊಸದಲ್ಲ, ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಅಣ್ಣನಿಗೆ ತನ್ನ ಬುದ್ಧಿಯ ಬಗ್ಗೆ ಬಹಳ ಹೆಮ್ಮೆಯಾಯಿತು. ಪ್ರಸಾದ ಕೇಳುತ್ತಾಳೆ ಎಂದು ತಿರುಪತಿಗೆ ಹೋಗಿ ಬಂದಿದ್ದ ಪಕ್ಕದ ಮನೆಯವರಿಂದ ಒಂದು ಲಾಡು ಕೂಡ ತಂದಿಟ್ಟಿದ್ದ.

ತಲೆಗೆ ಸೆರಗು ಹೊದ್ದು ಅಕ್ಕೂರಿಗೆ ಹೋದೆ. ಅವ್ವ ಜಗಲಿಯ ಮೇಲೆ ಕೂತಿದ್ದಳು. ಲಾಡು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು.

‘ಯಾತುರ್ ಹರಕೆ ಸುಮಿತ್ರಿ?’

‘ನಿನ್ನ ಇನ್ನೊಂದು ಕಣ್ಣಿಗೆ ಅವ್ವ. ಆಪರೇಷನ್ ಚೆನ್ನಾಗಾಗಲಿ ಅಂತ.’

‘ನನ್ ಕಣ್ಗೆ ನಿನ್ ಕೂದ್ಲಾ? ಆಪ್ರೇಸನ್ ಮಾಡುಸ್ಕತೀನಿ ಅಂತ ನಾನ್ ಯಾವಾಗ ಅಂದೆ?’

ಅಣ್ಣ ನಡುವೆ ಬಾಯಿ ಹಾಕಿ ಹುಳುವಿನ ಮಾತು ತೆಗೆದ. ಅವ್ವ ಮತ್ತೆ ಕೇಳಲಿಲ್ಲ. ನಾನು ಸಂಜೆಯ ಬಸ್ಸಿಗೇ ಹೊರಟೆ. ಬೈರಾಪಟ್ಟಣ ದಾಟುವವರೆಗೂ ತಿರುಗಿ ಹೋಗಿ ಅವ್ವನ ತೊಡೆ ಮೇಲೆ ತಲೆ ಇಡೋಣ ಅನ್ನಿಸುತ್ತಿತ್ತು. ಆಮೇಲೆ ಅದೂ ಅನ್ನಿಸಲಿಲ್ಲ.

ಐದನೇ ಕೀಮೋದಿಂದ ಔಷಧಿ ಬದಲಾಯಿತು. ಹುಬ್ಬು, ರೆಪ್ಪೆ ಉದುರಿದವು. ಬೆರಳ ತುದಿಗಳಿಗೆ ಜೋಮು ಹಿಡಿಯಿತು. ಕೂತು ಕೂತು ಕಾಲಿಗೆ ಹಿಡಿಯುವ ಜೋಮು ಕೊಡವಿದರೆ ಬಿಡುತ್ತದೆ, ಇದು ಬಿಡಲಿಲ್ಲ. ಬ್ಲೌಸಿನ ಹುಕ್ಕು ಹಾಕಲು ಸಿಂಧುವನ್ನು ಕರೆಯಬೇಕಾಗುತ್ತಿತ್ತು. ಕನ್ನಡಿಯಲ್ಲಿ ಹುಬ್ಬಿಲ್ಲದ ಮುಖ ನೋಡಿದರೆ ಯಾವ ಭಾವನೆಯೂ ಕಾಣುತ್ತಿರಲಿಲ್ಲ. ಒಳಗೂ ಇರಲಿಲ್ಲವಾದ್ದರಿಂದ ಸರಿಹೋಯಿತು ಎಂದುಕೊಂಡೆ.

ಕಾಯುವ ಹಾಲ್‌ನಲ್ಲಿ ಕನಕಪುರದ ಕಡೆಯ ಒಬ್ಬ ಹೆಂಗಸು ನನ್ನ ಪಕ್ಕ ಕೂರುತ್ತಿದ್ದಳು. ನನಗಿಂತ ನಾಲ್ಕು ಕೀಮೋ ಮುಂದಿದ್ದಳು, ಅದರಿಂದ ನನಗೆ ಅವಳು ಮೇಡಂ ಇದ್ದ ಹಾಗೆ. ಅವಳೇ ಒಂದು ದಿನ ತನ್ನ ಚೀಲದಿಂದ ಕಾಡಿಗೆ ಪೆನ್ಸಿಲ್ ತೆಗೆದು, ‘ಮೇಡಂ, ಮಖ ಇಂಗ್ ತಿರುಗ್ಸಿ’ ಎಂದಳು. ಅಷ್ಟು ಜನರ ನಡುವೆ ನನ್ನ ಗಲ್ಲ ಹಿಡಿದು ಎರಡು ಹುಬ್ಬು ಬರೆದಳು. ‘ತಲೆಗಾದ್ರೆ ಸೆರಗೈತೆ. ಹುಬ್ಬಿಲ್ದೆ ಹೋದ್ರೆ ಇಡೀ ಬಸ್ಸಿಗೇ ಗೊತ್ತಾಯ್ತದೆ.’ ಕನ್ನಡಿ ಕೊಟ್ಟಳು. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಅವಳ ಬೆರಳಿಗೂ ಜೋಮಿತ್ತು. ನಾವಿಬ್ಬರೂ ನಕ್ಕೆವು. ಆ ವರ್ಷ ನಾನು ನಕ್ಕದ್ದು ನನಗೆ ನೆನಪಿರುವುದು ಆ ಒಂದು ಸಲ.

ಆರನೇ ಕೀಮೋ ಮುಗಿಸಿ ಮತ್ತೆ ಅಕ್ಕೂರಿಗೆ ಹೋದೆ, ಹುಬ್ಬು ಬರೆದುಕೊಂಡೇ. ಅಣ್ಣ ತೋಟದಲ್ಲಿದ್ದ, ಅತ್ತಿಗೆ ಅಡುಗೆಮನೆಯಲ್ಲಿ. ಅವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆರಗಿನೊಳಗೆ ಕೈ ಹಾಕಿ ತಲೆ ಸವರಿದಳು.

‘ಮುಡಿ ಕೊಟ್ಟು ಮೂರ್ ತಿಂಗ್ಳಾಯ್ತು. ಇನ್ನೂ ಒಂದ್ ಕೂದ್ಲು ಚುಚ್ಚಕಿಲ್ವಲ್ಲ?’

‘ಮೂರು ಸಲ ಕೊಡ್ತೀನಿ ಅಂತ ಹರಕೆ ಅವ್ವ. ಮತ್ತೆ ಕೊಟ್ಟು ಬಂದೆ.’

ಈ ಸುಳ್ಳನ್ನು ನಾನು ಬಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದೆ. ಅವ್ವನ ಕೈ ಹಣೆಗೆ ಇಳಿಯಿತು. ಹೆಬ್ಬೆರಳು ಎಡ ಹುಬ್ಬಿನ ಮೇಲೆ, ಮೂಗಿನ ಬುಡದಿಂದ ಕಿವಿಯ ಕಡೆಗೆ, ನಿಧಾನವಾಗಿ ಸವರಿಕೊಂಡು ಹೋಯಿತು. ಆಮೇಲೆ ಬಲ ಹುಬ್ಬಿನ ಮೇಲೆ. ಹುಳು ಹಣ್ಣಾಗಿದೆಯೋ ಎಂದು ನೋಡುವಾಗ ಸವರುತ್ತಿದ್ದಷ್ಟೇ ಮೆಲ್ಲಗೆ. ಬೆರಳನ್ನು ಚೆನ್ನಾಗಿ ಕಾಣುವ ಕಣ್ಣಿನ ಹತ್ತಿರ ತಂದು ನೋಡಿದಳು. ಕಪ್ಪಾಗಿತ್ತು.

‘ಹುಬ್ಬೂ ಕೊಟ್ಬುಟ್ಯೇನವ್ವಾ ದ್ಯಾವ್ರಿಗೆ?’

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವ್ವ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು.

‘ಎಲ್ಲೈತೆ ಕಾಯ್ಲೆ?’ ಎಂದು ಕೇಳಿದಳು. ನಾನು ಎಡಗಡೆ ಎದೆಯ ಮೇಲೆ ಕೈ ಇಟ್ಟೆ. ಅವಳು ಅಲ್ಲಿ ಮುಟ್ಟಲಿಲ್ಲ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು.

‘ಕುಯ್ದವ್ರಾ?’

‘ಹೂಂ.’

‘ವಾಸಿಯಾಯ್ತದೆ ಅಂದವ್ರಾ?’

‘ಅಂದಿದ್ದಾರೆ ಅವ್ವ.’

ಅವ್ವ ಗೋಡೆಯ ಕಡೆ ತಿರುಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

‘ಅವತ್ತಿಂದ ಏನೋ ಐತೆ ಅಂತ ಗೊತ್ತಿತ್ತು. ಆ ಲಾಡು ಪಕ್ಕದ್ ಮನೇರ್ದು. ಅವ್ರು ಬೆಳಿಗ್ಗೇನೇ ಬಂದು ನಂಗೂ ಒಂದ್ ಕೊಟ್ಟಿದ್ರು. ಅದೇ ಕಾಗ್ದ, ಅದೇ ದಾರ’ ಎಂದಳು. ‘ನಿಮ್ಮಣ್ಣಂಗೆ ಹೇಳ್ಬ್ಯಾಡ, ನಂಗೆ ಗೊತ್ತೈತೆ ಅಂತ. ಆಗ ನಂಗೆ ಗಂಜಿ ಕುಡ್ಸುವಾಗ ಕೈ ನಡುಗ್ತಿತ್ತು ಅವ್ನಿಗೆ. ಈಗ ನಂಗೆ ಗೊತ್ತಾಯ್ತು ಅಂದ್ರೆ ಮತ್ತೆ ನಡುಗ್ತದೆ. ನಾನು ಹೋದ್ಮ್ಯಾಲೆ ಬೇಕಾರೆ ಹೇಳು.’

ಹೀಗೆ ನಮ್ಮ ಮನೆಯಲ್ಲಿ ಎರಡು ಗುಟ್ಟುಗಳಾದವು. ಅಣ್ಣ ಅವ್ವನಿಂದ ಮುಚ್ಚಿಡುತ್ತಿದ್ದ, ಅವ್ವ ಅಣ್ಣನಿಂದ. ಆದರೆ ಆ ದಿನದಿಂದ ನನಗೆ ಅವ್ವ ಸಿಕ್ಕಳು. ಕೀಮೋ ಆದ ಮೇಲೆ ನಾಲ್ಕು ದಿನ ಅಕ್ಕೂರಿನಲ್ಲಿರಲಿ ಎಂದು ಅವಳೇ ಹಟ ಮಾಡಿದಳು. ‘ತಿರ್ಪತಿ ಬಿಸ್ಲಿಗೆ ನಿತ್ರಾಣ ಆಗವ್ಳೆ’ ಎಂದು ಅಣ್ಣನಿಗೆ ಹೇಳಿದಳು. ಅವನು ಬಹಳ ಗಂಭೀರವಾಗಿ, ‘ಹೌದೌದು, ಬಿಸ್ಲು ಜಾಸ್ತಿ ಅಲ್ಲಿ’ ಎಂದ.

ಜಯಕ್ಕ, ನಮ್ಮ ಅತ್ತಿಗೆ, ಒಳ್ಳೆಯವಳು. ಗಂಟೆಗೊಂದು ಸಲ ಏನಾದರೂ ಹಿಡಿದುಕೊಂಡು ಬರುತ್ತಿದ್ದಳು. ದಾಳಿಂಬೆ ರಸ, ಮೊಸರನ್ನ, ಎಳನೀರು. ‘ಒಂದೇ ತುತ್ತು ಸುಮಿತ್ರ, ನನಗೋಸ್ಕರ.’ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತಿತ್ತು. ಅವ್ವ ಬಾಗಿಲಲ್ಲಿ ಕೋಲು ಅಡ್ಡ ಹಿಡಿದು ಕೂತಳು.

‘ಬುಡೇ ಜಯಾ ಅವಳ್ನ. ಜ್ವರಕ್ಕೆ ಕುಂತ ಹುಳುಕ್ಕೆ ಯಾರಾನ ಸೊಪ್ಪಾಕ್ತಾರಾ?’

ಹುಳು ಹಳೆಯ ಚರ್ಮ ಕಳಚುವ ದಿನ ತಲೆ ಎತ್ತಿಕೊಂಡು, ತಿನ್ನದೆ, ಅಲುಗಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ, ಗದ್ದಲ ಮಾಡುವಂತಿಲ್ಲ. ಎದ್ದ ಮೇಲೆ ಮಾತ್ರ ಒಂದು ಗಳಿಗೆಯೂ ತಡಮಾಡದೆ ಎಳೆ ಸೊಪ್ಪು ಹಾಕಬೇಕು. ಅವ್ವ ನನ್ನನ್ನು ಹಾಗೇ ನೋಡಿಕೊಂಡಳು. ನೋಡಲು ಬಂದವರನ್ನು ಜಗಲಿಯಿಂದಲೇ ಕಳಿಸಿದಳು. ಹೇಗಿದೆ ಎಂದು ಕೇಳಲಿಲ್ಲ, ಧೈರ್ಯ ಹೇಳಲಿಲ್ಲ. ಎರಡು ದಿನ ಸುಮ್ಮನೆ ಬಾಗಿಲಲ್ಲಿ ಕೂತಿದ್ದಳು. ಮೂರನೇ ದಿನ ಬೆಳಿಗ್ಗೆ ನಾನು ಎದ್ದು ಕೂತು ‘ಅವ್ವ’ ಎಂದಾಗ, ಲೋಟದಲ್ಲಿ ಹುರುಳಿ ಕಟ್ಟಿನ ತಿಳಿಸಾರು ಆಗಲೇ ತಯಾರಿತ್ತು. ಅವಳ ತವರಿನ ಹುರುಳಿ, ಕುದೂರಿನ ಕಡೆಯಿಂದ ತರಿಸಿದ್ದು. ಅದು ಮಾತ್ರ ಹೊಟ್ಟೆಯಲ್ಲಿ ನಿಂತಿತು.

ಚಿಕಿತ್ಸೆ ಮುಗಿಯಿತು. ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ. ಶಾಲೆಗೆ ಮರಳಿದೆ. ಬೋರ್ಡಿನ ಮೇಲೆ ಬರೆಯುವಾಗ ಚಾಕ್‌ಪೀಸ್ ಕೈಯಲ್ಲಿದೆಯೋ ಜಾರಿದೆಯೋ ಗೊತ್ತಾಗುವುದಿಲ್ಲ, ಕಣ್ಣಿನಿಂದ ನೋಡಿ ತಿಳಿದುಕೊಳ್ಳಬೇಕು. ಹಾಗೆಯೇ ಅಭ್ಯಾಸ ಮಾಡಿಕೊಂಡಿದ್ದೇನೆ. ಅವ್ವ ಎರಡನೇ ಕಣ್ಣಿನ ಆಪರೇಷನ್ ಕೊನೆಗೂ ಮಾಡಿಸಿಕೊಂಡಳು. ‘ಹರಕೆ ಸುಳ್ಳಾಗ್ಬಾರ್ದಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕಳೆದ ವರ್ಷ ಅವ್ವ ಹೋದಳು. ಅಂಥ ಕಾಯಿಲೆ ಏನಿರಲಿಲ್ಲ. ಒಂದು ವಾರ ಕೆಮ್ಮು, ಊಟ ಬಿಟ್ಟಳು. ಒಂದು ಮಧ್ಯಾಹ್ನ ಅತ್ತಿಗೆ ಕರೆದರೆ ಉತ್ತರ ಬರಲಿಲ್ಲ. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಹಂಡೆ ನೀರು ಕಾಯುತ್ತಿತ್ತು. ಕೊನೆಯ ಸ್ನಾನಕ್ಕೆ ನಾನೇ ಚೊಂಬು ಹಿಡಿದೆ. ಅತ್ತಿಗೆ ನನ್ನ ಕೈ ತಡೆದು, ‘ಸುಮಿತ್ರ, ನೀರು ಸುಡ್ತೈತೆ, ತಣ್ಣೀರು ಬೆರೆಸು’ ಎಂದಳು. ನನಗೆ ಗೊತ್ತಾಗಿರಲಿಲ್ಲ. ಅವ್ವನ ಅಂಗೈ ಹಿಡಿದೆ, ಅದೂ ಗೊತ್ತಾಗಲಿಲ್ಲ. ಒರಟಾಗಿತ್ತೋ, ತಣ್ಣಗಿತ್ತೋ, ಏನೂ ತಿಳಿಯಲಿಲ್ಲ. ಸುತ್ತ ಎಲ್ಲರೂ ಅಳುತ್ತಿದ್ದರು. ಸಿಂಧು ಅಜ್ಜೀ ಎಂದು ಗೋಳಾಡುತ್ತಿದ್ದಳು. ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ನನಗೆ ನಾಚಿಕೆಯಾಯಿತು.

ತಿಥಿಯ ದಿನ ಬೆಳಿಗ್ಗೆ ಅಣ್ಣ ತಲೆ, ಮೀಸೆ ಬೋಳಿಸಿಕೊಂಡು ಬಂದು ನನ್ನ ಪಕ್ಕ ಜಗಲಿಯಲ್ಲಿ ಕೂತ. ಬೋಳು ತಲೆಯಲ್ಲಿ ತುಂಬ ಚಿಕ್ಕವನಂತೆ ಕಂಡ.

‘ಅವ್ವಂಗೆ ಕೊನೇಗಂಟ ಗೊತ್ತಾಗ್ಲೇ ಇಲ್ಲ ಅಲ್ವಾ ಸುಮಿತ್ರ? ನೆಮ್ಮದಿಯಾಗಿ ಹೋದ್ಲು. ಅದೊಂದ್ ನಾನು ಸರ್ಯಾಗ್ ಮಾಡ್ದೆ.’

ಹೇಳಬಹುದಿತ್ತು. ಅವ್ವ ಅಪ್ಪಣೆ ಕೊಟ್ಟಿದ್ದಳು. ಅವನ ಕೈ ಮೊಣಕಾಲಿನ ಮೇಲೆ ನಡುಗುತ್ತಿತ್ತು.

‘ಗೊತ್ತಾಗ್ಲಿಲ್ಲ ಕಣಣ್ಣ’ ಎಂದೆ.

ಈಗ ಇದನ್ನೆಲ್ಲ ಬರೆದ ಮೇಲೆ, ಬೇರೆಯವರು ಓದುವ ಮೊದಲು ಅಣ್ಣ ಕೇಳಬೇಕು ಎಂದು ಹೋದ ಭಾನುವಾರ ಅಕ್ಕೂರಿಗೆ ಹೋಗಿದ್ದೆ. ಅವನು ಹುಳುಮನೆಯ ಮುಂದೆ ಕೂತು ಸೊಪ್ಪಿನ ಕಂತೆ ಬಿಚ್ಚುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಮೊದಲಿನಿಂದ ಓದಿದೆ. ಹುಬ್ಬಿನ ಮಾತು ಬಂದಾಗ ಅವನ ಕೈ ನಿಂತಿತು. ‘ನಿಮ್ಮಣ್ಣಂಗೆ ಹೇಳ್ಬ್ಯಾಡ’ ಎಂದು ಓದಿದಾಗ ತಲೆ ಎತ್ತಲಿಲ್ಲ. ಮುಗಿಸಿದೆ. ಅವನು ಬಿಚ್ಚಿದ್ದ ಸೊಪ್ಪಿನ ಕಂತೆಯನ್ನೇ ಮತ್ತೆ ಕಟ್ಟಿದ.

‘ಲಾಡೂನೂ ಗೊತ್ತಿತ್ತಾ?’ ಎಂದ.

‘ಲಾಡೂನೂ ಗೊತ್ತಿತ್ತು.’

ಅಣ್ಣ ನಕ್ಕ. ‘ಎಂಥವ್ಳೇ ಇವ್ಳು’ ಎಂದು ತೊಡೆ ತಟ್ಟಿಕೊಂಡು ಜೋರಾಗಿ ನಕ್ಕ. ನಗುತ್ತ ನಗುತ್ತಲೇ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುವುದನ್ನು ನೋಡುತ್ತಾ ಕೂತೆ. ಹಾಳೆಯ ಮೇಲೆ ಒಂದು ಹನಿ ಬಿತ್ತು. ಎಲ್ಲಿಂದ ಎಂದು ಮೇಲೆ ಸೂರಿನ ಕಡೆ ನೋಡಿದೆ. ಆಮೇಲೆ ಇನ್ನೊಂದು ಬಿತ್ತು. ಎರಡೂ ಕೈಗಳಿಂದ ಮುಖ ಒರೆಸಿಕೊಂಡೆ. ಬೆರಳಿಗೆ ಒದ್ದೆ ಎಂದು ತಿಳಿಯಲಿಲ್ಲ, ಕೈ ಕೆಳಗಿಳಿಸಿ ನೋಡಿದೆ. ಒದ್ದೆಯಾಗಿತ್ತು. ಎಡ ಹೆಬ್ಬೆರಳು ಕಪ್ಪಾಗಿತ್ತು.